ಅಣ್ಣ, ನೀನು ಹೇಳಿದ್ದೇ ಸರಿ

ಪ್ರೀತಿಯ ಅಣ್ಣ,

ನಾನು ಚೆನ್ನಾಗಿದ್ದೇನೆ, ಅಮ್ಮನಿಗೂ ಹೇಳು. ಇವತ್ತು ಬರೆಯುತ್ತಿರುವುದು ನಿನ್ನ ಮೋಟಾರ್ ಕೈ, ಅಂದರೆ ಮೋಟಾರಿನಿಂದ ನಡೆಯುವ ಕೃತಕ ಕೈ ವಿಷಯಕ್ಕೆ. ಅದಕ್ಕಿಂತ ಕೊಕ್ಕೆ ಕೈಯೇ ವಾಸಿ ಅಂತ ನೀನು ಹೇಳಿದ್ದೆ. ಅಷ್ಟು ದುಡ್ಡು ಕೊಟ್ಟು ಮಾಡಿಸಿದ್ದನ್ನು ಬೀರುವಿನಲ್ಲಿಟ್ಟು ಹಳೇ ಕೊಕ್ಕೆ ಕೈಯನ್ನೇ ಹಾಕಿಕೊಳ್ಳುತ್ತೀಯ ಅಂತ ನಾವೆಲ್ಲ ಬೈದಿದ್ದೆವು. ನಾನೇ ಜಾಸ್ತಿ ಬೈದಿದ್ದು. ಇಲ್ಲಿ ಒಂದು ವರ್ಷ ಇದನ್ನೇ ಓದಿದ ಮೇಲೆ ನಿನ್ನ ಕಷ್ಟ ಅರ್ಥವಾಯಿತು.

ಕೊಕ್ಕೆ ಕೈಗೆ ಭುಜದ ಪಟ್ಟಿಯಿಂದ ಒಂದು ಕೇಬಲ್ ಬರುತ್ತದೆ, ಅಲ್ವಾ? ಕೊಕ್ಕೆ ಎಷ್ಟು ತೆರೆದಿದೆ, ಎಲ್ಲಿ ತಡೆಯಿತು ಅನ್ನೋದು ಆ ಕೇಬಲ್ಲಿನ ಬಿಗಿತದಿಂದಲೇ ಭುಜಕ್ಕೆ ತಿಳಿಯುತ್ತದೆ. ಮೋಟಾರ್ ಕೈಯಲ್ಲಿ ಆ ದಾರಿಯೇ ಇಲ್ಲ. ನೀನು ಸ್ನಾಯು ಬಿಗಿ ಮಾಡಿದರೆ ಚರ್ಮದ ಮೇಲಿನ ಎಲೆಕ್ಟ್ರೋಡ್ ಅಲ್ಲಿನ ಸಣ್ಣ ವಿದ್ಯುತ್ತನ್ನು ಹಿಡಿಯುತ್ತದೆ, ಮೋಟಾರ್ ತಿರುಗುತ್ತದೆ, ಅಷ್ಟೇ. ವಾಪಸ್ಸು ಏನೂ ಬರುವುದಿಲ್ಲ. ಅದಕ್ಕೇ ಲೋಟ ಹಿಡಿದರೆ ಲೋಟವನ್ನೇ ನೋಡುತ್ತಿರಬೇಕು, ಮೋಟಾರಿನ ಸದ್ದು ಕೇಳಿ ಅಂದಾಜು ಮಾಡಬೇಕು.

ಕೈ ಹೋದರೂ ಅದರ ನರಗಳು ತೋಳಿನಲ್ಲಿ ಹಾಗೇ ಇರುತ್ತವೆ ಅಣ್ಣ. ಅವಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟರೆ ಇಲ್ಲದ ಬೆರಳನ್ನೇ ಮುಟ್ಟಿದ ಹಾಗಾಗುತ್ತದೆ! ಕೆವೆನ್ ವಾಲ್ಗಮಾಟ್ ಎಂಬವರು ಕೈ ಕಳೆದುಕೊಂಡಿದ್ದು 2002ರಲ್ಲಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಅವರ ನರಗಳಲ್ಲಿ ಎಲೆಕ್ಟ್ರೋಡ್ ಇಟ್ಟು ಯಂತ್ರದ ಕೈಗೆ ಜೋಡಿಸಿದರು. ಆ ಕೈಯಿಂದ ಕೆವೆನ್ ಮೊಟ್ಟೆ ಒಡೆಯದೆ ಎತ್ತಿದರು, ದ್ರಾಕ್ಷಿ ಜಜ್ಜದೆ ಬಿಡಿಸಿದರು, ಹೆಂಡತಿಯ ಕೈ ಹಿಡಿದರು. 2019ರಲ್ಲಿ ಬಂದ ಆ ವರದಿಯನ್ನು ಎಷ್ಟು ಸಲ ಓದಿದ್ದೇನೋ. ಮಿಡಿತ ಒಂದೇ ಸಮ ಕೊಟ್ಟರೆ ಸಾಲದಂತೆ. ನಿಜವಾದ ಚರ್ಮ ಮುಟ್ಟಿದ ಕ್ಷಣ ಜೋರಾಗಿ ಸುದ್ದಿ ಕಳಿಸಿ ಆಮೇಲೆ ಸುಮ್ಮನಾಗುತ್ತದಲ್ಲ, ಅದೇ ಲಯದಲ್ಲಿ ಕೊಟ್ಟಾಗ ವಸ್ತು ಮೆತ್ತಗಿದೆಯೋ ಗಟ್ಟಿಯಿದೆಯೋ ಅವರಿಗೆ ಬೇಗ ಗೊತ್ತಾಯಿತು.

ಆದರೆ ಅದಕ್ಕೆ ಆಪರೇಷನ್ ಬೇಕು, ಚರ್ಮದಿಂದ ಹೊರಗೆ ಬರುವ ತಂತಿಯಿಂದ ಸೋಂಕಿನ ಭಯವೂ ಇದೆ. ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ನನಗೆ ಮಾಡೋಕೆ ಆಗುವುದು ಚಿಕ್ಕದು: ಬೆರಳ ತುದಿಗೆ ಒತ್ತಡ ಅಳೆಯುವ ಸೆನ್ಸರ್, ತೋಳಿಗೆ ಮೊಬೈಲಿನಲ್ಲಿರುವಂಥ ಪುಟ್ಟ ವೈಬ್ರೇಟರ್. ಗಟ್ಟಿ ಹಿಡಿದಷ್ಟೂ ಜೋರಾಗಿ ನಡುಗುತ್ತದೆ. ಬೆರಳಿನ ಸುದ್ದಿ ತೋಳಿಗೆ ಬಂದರೆ ಮೊದಮೊದಲು ಗೊಂದಲ, ಅಭ್ಯಾಸ ಬೇಕು.

ಉಳಿದ ತೋಳಿನ ಮೇಲೆ ಒಂದು ಕಡೆ ಮುಟ್ಟಿದರೆ ಹೋದ ಬೆರಳನ್ನೇ ಮುಟ್ಟಿದಂತೆ ಕೆಲವರಿಗೆ ಅನ್ನಿಸುತ್ತದೆ. ವೈಬ್ರೇಟರ್ ಅಲ್ಲೇ ಇಟ್ಟರೆ ಒಳ್ಳೆಯದು. ನಿನಗೆ ಅಂಥ ಜಾಗ ಇದೆಯಾ? ಇದ್ದರೆ ಪೆನ್ನಿನಲ್ಲಿ ಗುರುತು ಹಾಕಿ ಫೋಟೋ ಕಳಿಸು. ಅಲ್ಲಿಯವರೆಗೆ ಕೊಕ್ಕೆ ಕೈಯನ್ನೇ ಹಾಕಿಕೊ, ಅಮ್ಮನಿಗೆ ನಾನು ಹೇಳುತ್ತೇನೆ.

ನಿನ್ನ ತಂಗಿ