ಪಾಸ್ಕ ಜಾಗರಣೆಯಲ್ಲಿ ಪಕ್ಕ ಕುಳಿತಿದ್ದ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ಕೇಳಲಾಗಲಿಲ್ಲ. ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಚರ್ಚಿನಲ್ಲಿ ನಡೆದ ಆ ಪಾಸ್ಕ ಜಾಗರಣೆಯ ಪೂಜೆಯಲ್ಲಿ ನಿಮ್ಮ ಪೂಜೆಯ ಪುಸ್ತಕವನ್ನು ನನ್ನ ಕಡೆ ಸರಿಸಿದಿರಿ. ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯಿಂದ ಓದುವ 7 ವಾಚನಗಳಲ್ಲಿ ಕೆಲವನ್ನು ಬಿಡಬಹುದು, ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರಯೇಲರು ಸಮುದ್ರ ದಾಟುವ ಭಾಗವನ್ನು ಮಾತ್ರ ಬಿಡುವಂತಿಲ್ಲ ಎಂದು ಮೆಲ್ಲಗೆ ಹೇಳಿದಿರಿ. ಯಾಕೆ ಎಂದು ಕೇಳಿದೆ. "ಅವರು ನೀರು ದಾಟಿ ಬಿಡುಗಡೆಯಾದರು. ನೀರಿನ ಜ್ಞಾನಸ್ನಾನ ಪಡೆದು ಕ್ರೈಸ್ತರಾಗುವವರೂ ಹಾಗೇ ಅಲ್ವಾ?" ಎಂದಿರಿ.

ಅಷ್ಟೇ ಸಾಕಾಯಿತು. ಬಿಡಿಬಿಡಿಯಾಗಿ ಕೇಳುತ್ತಿದ್ದ ಓದುಗಳೆಲ್ಲ ಒಂದೇ ಕತೆಯಾದವು.

ಮೊದಲು ಈ ಜಾಗರಣೆ ಶನಿವಾರ ಬೆಳಿಗ್ಗೆಯೇ ಮುಗಿಯುತ್ತಿತ್ತಂತೆ. ಅದನ್ನು ಮತ್ತೆ ರಾತ್ರಿ ಆಚರಿಸಲು ಪೋಪ್ 12ನೇ ಪಿಯುಸ್ 1951ರಲ್ಲಿ ಅನುಮತಿ ಕೊಟ್ಟರು. ಎಷ್ಟು ಒಳ್ಳೆಯದಾಯಿತು! ಹಗಲಲ್ಲಿ ಪಾಸ್ಕ ಮೇಣದಬತ್ತಿಯ ಬೆಳಕು ಯಾರಿಗೆ ಕಾಣಬೇಕು?

ಎಲ್ಲವನ್ನೂ ಫೋನಿನಲ್ಲೇ ಹುಡುಕುವ ಈ ಕಾಲದಲ್ಲಿ, ಗುರುತಿಲ್ಲದ ನನಗೆ ನೀವು ಪ್ರೀತಿಯಿಂದ ಹೇಳಿಕೊಟ್ಟಿರಿ. ತುಂಬಾ ಥ್ಯಾಂಕ್ಸ್ ಅಮ್ಮಾ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.