ಪಾಲು ಮಾಡುವ ಮೊದಲು

ಪ್ರೀತಿಯ ಸುಮಾ,

ನಿನ್ನ ಅಪ್ಪ ಬಿಟ್ಟುಹೋದ ಮನೆ ಮತ್ತು ಠೇವಣಿಗಳಿಗೆ ಸರ್ಕಾರಕ್ಕೆ ಎಷ್ಟು ಕಟ್ಟಬೇಕಾದೀತೋ ಎಂದು ನೀನು ನಿದ್ದೆಗೆಡುತ್ತಿದ್ದೀಯೆ. ಆ ಭಯ ಬಿಡು. ಸತ್ತವರ ಆಸ್ತಿಯ ಮೇಲೆ ಹಾಕುತ್ತಿದ್ದ ಎಸ್ಟೇಟ್ ಸುಂಕ 1953ರಲ್ಲಿ ಬಂದು 1985ರಲ್ಲಿ ಹೋಯಿತು. ವಾರಸಾಗಿ ಬಂದ ಆಸ್ತಿ ಕೈಸೇರಿದ ಮಾತ್ರಕ್ಕೆ ಆದಾಯ ತೆರಿಗೆಯೂ ಇಲ್ಲ.

ಆದರೆ ಅವರ ಸ್ವಂತ ಲೆಕ್ಕವೊಂದು ಉಳಿದಿದೆ. ಅವರು ಹೋದದ್ದು 2024ರ ನವೆಂಬರ್‌ನಲ್ಲಿ. ಆ ಏಪ್ರಿಲ್ 1ರಿಂದ ಅವರ ಕೊನೆಯ ದಿನದವರೆಗೆ ಬಂದ ಪಿಂಚಣಿ ಮತ್ತು ಬಡ್ಡಿ ಅವರದೇ ಆದಾಯ. ಅವರ ಪ್ಯಾನ್ ಸಂಖ್ಯೆಯಲ್ಲೇ, ಅವರ ಪರವಾಗಿ ನೀನು ರಿಟರ್ನ್ ಸಲ್ಲಿಸಬೇಕು. ಅದಕ್ಕೆ ಮೊದಲು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಅವರ ವಾರಸುದಾರಳೆಂದು ನೋಂದಾಯಿಸಿಕೋ. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್ ಕಾರ್ಡು, ನೀನು ವಾರಸುದಾರಳೆಂಬುದಕ್ಕೆ ದಾಖಲೆ ಕೇಳುತ್ತಾರೆ. ಪೌತಿ ಖಾತೆಗೆಂದು, ಅಂದರೆ ಅಪ್ಪನ ಆಸ್ತಿಯ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲೆಂದು, ಮಾಡಿಸಿದ ವಂಶವೃಕ್ಷ ನನ್ನ ಬಳಿ ಇದೆ, ಆದರೆ ವಾರಸುದಾರರ ಪ್ರಮಾಣಪತ್ರವನ್ನೂ ಮಾಡಿಸಿಬಿಡೋಣ. ಅಪ್ಪನ ಉಳಿತಾಯ ಖಾತೆ ಮುಚ್ಚುವ ಮೊದಲು ಇಡೀ ವರ್ಷದ ವಿವರ ಬರೆಸಿಕೊಂಡು ಬಾ.

ನಿನ್ನ ತಮ್ಮ ಆತುರಪಡುತ್ತಿದ್ದಾನೆ. ಠೇವಣಿಗೆ ತಾನೇ ನಾಮಿನಿ, ಹಣ ತೆಗೆದು ಮನೆ ಸಾಲಕ್ಕೆ ಹಾಕುತ್ತೇನೆ ಎನ್ನುತ್ತಾನೆ. ಅವನ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಈ ಮಾತು ಅವನಿಗೆ ತಿಳಿಸಿ ಹೇಳು: 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಸೆಕ್ಷನ್ ಪ್ರಕಾರ ಅಪ್ಪನ ಬಾಕಿಗೆ ವಾರಸುದಾರರು ಹೊಣೆ. ಆ ಹೊಣೆ ಅವರು ಬಿಟ್ಟುಹೋದ ಆಸ್ತಿಯ ಮಿತಿಯೊಳಗೇ ಇರುತ್ತದೆ, ನಿನ್ನ ಸಂಬಳಕ್ಕೆ ಕೈಹಾಕುವುದಿಲ್ಲ. ತೆರಿಗೆ ತೀರಿಸದೆ ಆಸ್ತಿಯನ್ನು ಬೇರೆಯವರ ಕೈಗೆ ದಾಟಿಸಿದರೆ ಮಾತ್ರ, ಹಾಗೆ ದಾಟಿಸಿದ ಸ್ವತ್ತಿನ ಬೆಲೆಯಷ್ಟು ನಮ್ಮ ಸ್ವಂತ ಕೈಯಿಂದ ಕಟ್ಟಬೇಕಾದೀತು. ಅದಕ್ಕೇ ಮೊದಲು ತೆರಿಗೆ, ಆಮೇಲೆ ಪಾಲು. ಇದರಲ್ಲಿ ನಾನು ಸಡಿಲ ಬಿಡುವವಳಲ್ಲ.

ನಾಮಿನಿ ಎಂದರೆ ಹಣ ಪಡೆಯುವ ಹಕ್ಕಷ್ಟೇ, ಒಡೆತನವಲ್ಲ. ಅಪ್ಪ ಉಯಿಲು ಬರೆದಿಲ್ಲ. ಅವರ ಸ್ವಯಾರ್ಜಿತ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನನಗೆ, ನಿನಗೆ, ನಿನ್ನ ತಮ್ಮನಿಗೆ, ಅಜ್ಜಿಗೆ ಸಮಪಾಲು. ಅಜ್ಜಿಯ ಪಾಲನ್ನು ಎಲ್ಲರೂ ಮರೆಯುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಗೆ ಕಾನೂನೇ ಕೊಟ್ಟಿರುವುದನ್ನು ನಾವು ಕಡೆಗಣಿಸುವುದು ನನ್ನಿಂದ ಆಗದು.

ಅವರು ಹೋದ ಮೇಲೆ ಬಂದ ಬಡ್ಡಿ ಅವರವರ ಪಾಲಿನಷ್ಟು ನಾಲ್ವರ ಆದಾಯ. ಬ್ಯಾಂಕು ಟಿಡಿಎಸ್ ಅನ್ನು, ಅಂದರೆ ಬಡ್ಡಿ ಕೊಡುವಾಗಲೇ ಹಿಡಿಯುವ ತೆರಿಗೆಯನ್ನು, ಇನ್ನೂ ಅಪ್ಪನ ಪ್ಯಾನ್‌ಗೇ ಮುರಿಯುತ್ತಿರಬಹುದು. ಹಾಗೆ ಮುರಿದ ತೆರಿಗೆಯ ವಿವರವಿರುವ ಫಾರ್ಮ್ 26ಎಎಸ್ ತೆಗೆದು ನೋಡಿ, ಮರಣದ ನಂತರದ ಬಡ್ಡಿಯನ್ನು ವಾರಸುದಾರರ ಹೆಸರಿಗೆ ತೋರಿಸುವಂತೆ ಬ್ಯಾಂಕಿಗೆ ಬರೆದುಕೊಡು. ನನ್ನ ಕುಟುಂಬ ಪಿಂಚಣಿಯನ್ನು ನನ್ನ ರಿಟರ್ನ್‌ನಲ್ಲಿ ಇತರ ಮೂಲದ ಆದಾಯವೆಂದು ತೋರಿಸುತ್ತೇನೆ. ಹೊಸ ತೆರಿಗೆ ಪದ್ಧತಿಯಲ್ಲಿ ಅದರ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಕಳೆಯುತ್ತಾರೆ.

ಮನೆ ಮಾರುವ ಮಾತು ಸದ್ಯಕ್ಕೆ ಬೇಡ. ಮುಂದೆಂದಾದರೂ ಮಾರಿದರೆ ಲಾಭದ ತೆರಿಗೆಗೆ ಅಪ್ಪ ಕೊಂಡ ಬೆಲೆಯೇ ಆಧಾರವಾಗುತ್ತದೆ. ಅವರು ಕೊಂಡದ್ದು 2001ಕ್ಕೂ ಮೊದಲಾದ್ದರಿಂದ ಆ ವರ್ಷದ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಹಿಡಿಯಲೂ ಅವಕಾಶವಿದೆ. ಕ್ರಯಪತ್ರ ಬೀರುವಿನ ಮೇಲಿನ ಅರೆಯಲ್ಲಿದೆ, ಅದರ ನಕಲು ನಿನ್ನ ಬಳಿಯೂ ಇರಲಿ.

ಅಜ್ಜಿಗೆ ಪ್ಯಾನ್ ಕಾರ್ಡು ಇಲ್ಲ. ಅದಿಲ್ಲದಿದ್ದರೆ ಅವರ ಪಾಲಿನ ಬಡ್ಡಿಯಲ್ಲಿ ಶೇಕಡ 20ರಷ್ಟು ಮುರಿದಾರು, ತೆರಿಗೆ ಮುರಿಯಬೇಡಿ ಎಂದು ಹಿರಿಯರು ಬ್ಯಾಂಕಿಗೆ ಕೊಡುವ ಫಾರ್ಮ್ ಕೊಟ್ಟರೂ ನಡೆಯದು. ಬರುವ ಶನಿವಾರ ಬಂದಾಗ ಮೊದಲು ಅವರ ಅರ್ಜಿ ತುಂಬಿಸೋಣ.

ನಿನ್ನ
ಅಮ್ಮ