ಪೌತಿ ಖಾತೆಗೆ ಮುನ್ನ ಕೇಳಲೇಬೇಕಾದ ಪ್ರಶ್ನೆ: ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ತೀರಿಹೋದವರ ಹೆಸರಿನಲ್ಲೇ ಉಳಿದ ಆರ್‌ಟಿಸಿಗಳನ್ನು (ಪಹಣಿಗಳನ್ನು) ವಾರಸುದಾರರ ಹೆಸರಿಗೆ ಬದಲಾಯಿಸುವ ಇ-ಪೌತಿ ಆಂದೋಲನವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಅಜ್ಜನ ಹೆಸರಿನ ಆರ್‌ಟಿಸಿ ಹಿಡಿದುಕೊಂಡು ಬೆಳೆಸಾಲಕ್ಕೆ, ಬೆಳೆವಿಮೆಗೆ ಅಲೆಯುವವರು ಈ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಸತ್ತವರ ಹೆಸರಿನ ಖಾತೆಗಿಂತ ತಪ್ಪು ಹೆಸರು ಕೂತ ಖಾತೆ ಹೆಚ್ಚು ಅಪಾಯಕಾರಿ. ಮೊದಲನೆಯದನ್ನು ಯಾರೂ ಕೊಳ್ಳುವುದಿಲ್ಲ, ಎರಡನೆಯದು ಮಾರಾಟವಾಗಿಬಿಡುತ್ತದೆ. ಆಮೇಲೆ ಸಿವಿಲ್ ದಾವೆಯೇ ಗತಿ.

ಪೌತಿ ಖಾತೆ ನಿಂತಿರುವುದು ವಂಶವೃಕ್ಷದ ಮೇಲೆ. ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ (ಅಫಿಡವಿಟ್), ಗ್ರಾಮ ಆಡಳಿತಾಧಿಕಾರಿಯ ಮಹಜರು, ನೆರೆಕರೆಯ ಒಂದೆರಡು ಸಹಿ. ಹೆಸರು, ಸಂಬಂಧ, ವಯಸ್ಸು ಬರೆದರೆ ಕೆಲಸ ಮುಗಿಯಿತು. ಸತ್ತವರಿಗೆ ಅನ್ವಯಿಸುವ ಉತ್ತರಾಧಿಕಾರದ ಕಾನೂನು ಯಾವುದು ಎಂದು ಯಾರೂ ಕೇಳುವುದಿಲ್ಲ. ಘಟ್ಟದ ಮೇಲಿನ ಎಷ್ಟೋ ಊರುಗಳಲ್ಲಿ ಇದನ್ನು ಕೇಳದಿದ್ದರೂ ನಡೆದೀತು. ಕರಾವಳಿಯಲ್ಲಿ ನಡೆಯುವುದಿಲ್ಲ.

ಒಬ್ಬರು ವೀಲುನಾಮೆ ಬರೆಯದೆ ತೀರಿಕೊಂಡರು ಎಂದುಕೊಳ್ಳಿ. ಸ್ವಯಾರ್ಜಿತ ಜಾಗ 72 ಸೆಂಟ್ಸ್. ಉಳಿದವರು ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು, ವಯಸ್ಸಾದ ತಾಯಿ. ಅವರು ಹಿಂದೂ ಆದರೆ ನಾಲ್ವರಿಗೂ ತಲಾ 18 ಸೆಂಟ್ಸ್. ಕ್ರೈಸ್ತರಾದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು ಅಂದರೆ 24, ಮಗನಿಗೆ 24, ಮಗಳಿಗೆ 24, ತಾಯಿಗೆ ಏನೂ ಇಲ್ಲ. ಮುಸ್ಲಿಮರಾದರೆ ಹೆಂಡತಿಗೆ 9, ತಾಯಿಗೆ 12, ಮಗನಿಗೆ 34, ಮಗಳಿಗೆ 17. ಮನೆಯ ಮಂದಿ ಅವರೇ, ವಂಶವೃಕ್ಷವೂ ಅದೇ, ಆದರೆ ಪಾಲು ಮೂರು ಬಗೆ. ಖಾತೆಯಲ್ಲಿ ನಾಲ್ಕೂ ಹೆಸರನ್ನು ಜಂಟಿಯಾಗಿ ಸೇರಿಸಿ ಕೈತೊಳೆದುಕೊಂಡರೆ, ಹಕ್ಕಿಲ್ಲದ ಒಬ್ಬರು ಹಕ್ಕುದಾರರಾಗಿ ಕಾಣಿಸಿಕೊಳ್ಳುತ್ತಾರೆ. ಉಳಿದವರ ಪಾಲಿನ ಅಳತೆಯೂ ಎಲ್ಲೂ ದಾಖಲಾಗುವುದಿಲ್ಲ.

ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದುಬರುವ ಅಳಿಯಸಂತಾನದ ಕುಟುಂಬಗಳಲ್ಲಿ ತೊಡಕು ಇನ್ನೂ ಹೆಚ್ಚು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಳಿಯಸಂತಾನ ಮುಗಿದ ಕತೆ ಎಂದು ತಿಳಿದವರು ಕಚೇರಿಗಳಲ್ಲೂ ಇದ್ದಾರೆ, ವಕೀಲರಲ್ಲೂ ಇದ್ದಾರೆ. ಅದೇ ಕಾಯ್ದೆಯ 17ನೇ ಕಲಮು ಈ ಕುಟುಂಬಗಳಿಗೆ ಬೇರೆಯೇ ಕ್ರಮ ಹೇಳುತ್ತದೆ. ಹೆಂಗಸೊಬ್ಬರು ಗಂಡ, ಮಗ, ಮಗಳು, ತಾಯಿಯನ್ನು ಬಿಟ್ಟು ತೀರಿಕೊಂಡರೆ ಸಾಮಾನ್ಯ ಹಿಂದೂ ಕ್ರಮದಲ್ಲಿ 15ನೇ ಕಲಮಿನಂತೆ ಆ 72 ಸೆಂಟ್ಸ್ ಗಂಡನಿಗೂ ಮಕ್ಕಳಿಗೂ ತಲಾ 24 ಆಗಿ ಹೋಗುತ್ತದೆ, ತಾಯಿಗೆ ಇಲ್ಲ. ಅಳಿಯಸಂತಾನಕ್ಕೆ ಸೇರಿದವರಾದರೆ ಮಕ್ಕಳಿಗೂ ತಾಯಿಗೂ ತಲಾ 24. ಗಂಡನ ಸರದಿ ಬರುವುದು ಇವರು ಯಾರೂ ಇಲ್ಲದಾಗ, ಅದೂ ಆಕೆಯ ತಂದೆಯ ಜೊತೆಗೆ. ನಮ್ಮ ಕಣ್ಣಿಗೆ ಬೀಳುವ ಖಾತೆಗಳಲ್ಲಿ ಮಾತ್ರ ಗಂಡನ ಹೆಸರು ಮೊದಲು, ತಾಯಿಯ ಹೆಸರೇ ಇಲ್ಲ. ಮಗಳ ಮನೆಯಲ್ಲೇ ಇರುವ ಮುದುಕಿಯ ಹಕ್ಕು ಹೀಗೆ ಸದ್ದಿಲ್ಲದೆ ಅಳಿಸಿಹೋಗುವುದು ನಮಗೆ ನಿಜಕ್ಕೂ ಸಂಕಟದ ವಿಷಯ.

ಅಳಿಯಸಂತಾನದವರ ಪಾಲಾಗದ ಕುಟುಂಬದ ಆಸ್ತಿಯಲ್ಲಿ ನಡೆಯುವ ತಪ್ಪು ಇದಕ್ಕೆ ತದ್ವಿರುದ್ಧ. ಆರ್‌ಟಿಸಿಯ 9ನೇ ಕಾಲಂನಲ್ಲಿ ಇರುವುದು ಯಜಮಾನರ ಹೆಸರು ಮಾತ್ರ. ಅವರು ತೀರಿಕೊಂಡಾಗ ವಂಶವೃಕ್ಷದಲ್ಲಿ ಬರುವುದು ಅವರ ಹೆಂಡತಿ, ಮಕ್ಕಳು. ಅಕ್ಕತಂಗಿಯರು, ಅವರ ಮಕ್ಕಳು, ಅಂದರೆ ಕವರಿನ (ತಾಯಿಯ ಕಡೆಯ ಕುಟುಂಬ ಶಾಖೆಯ) ನಿಜವಾದ ಸದಸ್ಯರು, ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಕಾನೂನಿನ ಪ್ರಕಾರ ಹೆಂಡತಿ ಮಕ್ಕಳಿಗೆ ಇಳಿಯುವುದು ಯಜಮಾನರ ಪಾಲು ಮಾತ್ರ. ಅವರು ಸಾಯುವ ಮುಂಚಿನ ಗಳಿಗೆಯಲ್ಲಿ ಬದುಕಿದ್ದ ಸದಸ್ಯರೊಳಗೆ ತಲಾವಾರು ಹಂಚಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟು. ಖಾತೆಯಲ್ಲಿ ಮಾತ್ರ ಪೂರ್ತಿ ಜಾಗ ಅವರ ಹೆಸರಿಗೆ ಬರುತ್ತದೆ. ತರವಾಡು ಮನೆ (ಕುಟುಂಬದ ಮೂಲಮನೆ), ನಾಗಬನ, ದೈವದ ಚಾವಡಿ ಇರುವ ಜಾಗವೂ ಹೀಗೆಯೇ ಒಬ್ಬರ ಸ್ವಂತ ಆಸ್ತಿಯಂತೆ ಕಾಣತೊಡಗುತ್ತದೆ. ವಿಭಾಗ ಪತ್ರದಲ್ಲಿ ಇಂಥ ಜಾಗವನ್ನು ಪಾಲಿಗೆ ಸೇರಿಸದೆ ಬಿಟ್ಟಿದ್ದರೆ ಅದು 11ನೇ ಕಾಲಂನಲ್ಲಿ ದಾಖಲಾಗಬೇಕು. ಕುಟುಂಬದವರು ಟ್ರಸ್ಟ್ ಮಾಡಲು ಬಂದರೆ, 1882ರ ಟ್ರಸ್ಟ್ ಕಾಯ್ದೆ ಧಾರ್ಮಿಕ ದತ್ತಿಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನು ತಿಳಿದೇ ಪತ್ರ ಬರೆಸಬೇಕಾಗುತ್ತದೆ. ಮುಂದಿನ ಮೊಕ್ತೇಸರರು ಯಾರು, ಅವರ ಆಯ್ಕೆ ಹೇಗೆ ಎಂದು ಬರೆಯದ ಟ್ರಸ್ಟ್ ಪತ್ರ ಮೊದಲ ಮೊಕ್ತೇಸರರ ಕಾಲ ಮುಗಿಯುತ್ತಲೇ ಜಗಳಕ್ಕೆ ದಾರಿ.

ಇನ್ನು ವೀಲುನಾಮೆ. ಅದನ್ನು ಹಿಡಿದು ಹೋದವರಿಗೆ ‘ಪ್ರೊಬೇಟ್ ತನ್ನಿ’, ಅಂದರೆ ವೀಲುನಾಮೆಯನ್ನು ನ್ಯಾಯಾಲಯದಲ್ಲಿ ದೃಢಪಡಿಸಿಕೊಂಡು ಬನ್ನಿ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸುವುದು ನಿಲ್ಲಬೇಕು. ಈ ಜಿಲ್ಲೆ ಹಿಂದೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಿಜ. ಆದರೆ ಹಿಂದೂಗಳ ವೀಲುನಾಮೆಗೆ ಪ್ರೊಬೇಟ್ ಕಡ್ಡಾಯ ಎಂಬ ನಿಯಮ ಆ ಪ್ರಾಂತ್ಯದಲ್ಲಿ ಇದ್ದದ್ದು ಮದ್ರಾಸ್ ನಗರದ ಮಿತಿಯೊಳಗೆ ಮಾತ್ರ. ಇಲ್ಲಿಯವರು ಇಲ್ಲೇ ಬರೆದ, ಇಲ್ಲಿಯ ಜಾಗದ ವೀಲುನಾಮೆಗೆ ಅದು ಎಂದೂ ಅನ್ವಯಿಸಿಲ್ಲ. ಕ್ರೈಸ್ತರಿಗಿದ್ದ ಕಡ್ಡಾಯ 2002ರ ತಿದ್ದುಪಡಿಯಲ್ಲಿ ಹೋಯಿತು. ಮುಸ್ಲಿಮರಿಗೆ ಮೊದಲಿನಿಂದಲೂ ಇರಲಿಲ್ಲ. ವೀಲುನಾಮೆಯ ನೋಂದಣಿಯೂ ಕಡ್ಡಾಯವಲ್ಲ. ಬರೆದವರು ತೀರಿಕೊಂಡ ಮೇಲೂ ನೋಂದಣಿಗೆ ಹಾಜರುಪಡಿಸಬಹುದು. ತಹಶೀಲ್ದಾರರು ನೋಡಬೇಕಾದದ್ದು ಹಿಂದೂ, ಕ್ರೈಸ್ತರ ವೀಲುನಾಮೆಯಾದರೆ ಇಬ್ಬರು ಸಾಕ್ಷಿಗಳ ಸಹಿ ಇದೆಯೇ, ವಾರಸುದಾರರೆಲ್ಲರಿಗೂ ನೋಟಿಸ್ ತಲುಪಿದೆಯೇ, ಯಾರದಾದರೂ ತಕರಾರು ಇದೆಯೇ ಎಂಬುದನ್ನು. ತಕರಾರಿದ್ದರೆ ಸಿವಿಲ್ ಕೋರ್ಟಿಗೆ ಕಳಿಸಲಿ, ಅದು ಸರಿ. ಆಗಲೂ ಕಾರಣ ಬರೆದ ಹಿಂಬರಹ ಕೊಡಲಿ. ಹಿಂಬರಹ ಕೈಯಲ್ಲಿಲ್ಲದಿದ್ದರೆ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ.

ಕ್ರೈಸ್ತರ ವೀಲುನಾಮೆಯಲ್ಲಿ ಎರಡು ಸಂಗತಿ ವಿಶೇಷವಾಗಿ ಗಮನಿಸಬೇಕು. ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ ಹೆಂಡತಿಗೆ ಬರೆದ ಪಾಲು ಊರ್ಜಿತವಾಗುವುದಿಲ್ಲ. ಬರೆದ ಮೇಲೆ ಮದುವೆಯಾದರೆ ವೀಲುನಾಮೆಯೇ ರದ್ದು. ಇವೆರಡೂ ಹಿಂದೂಗಳಿಗೆ ಅನ್ವಯಿಸುವುದಿಲ್ಲ. ಮುಸ್ಲಿಮರ ವಸೀಯತ್ತಿನಲ್ಲಿ ಮೂರರಲ್ಲಿ ಒಂದು ಭಾಗ ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು. ಕುಮ್ಕಿಯನ್ನು ಮಕ್ಕಳಿಗೆ ಹಂಚಿ ಬರೆದ ವೀಲುನಾಮೆಗಳೂ ಬರುತ್ತವೆ. ಕುಮ್ಕಿ ಸರ್ಕಾರದ ಜಾಗ, ವರ್ಗ (ಪಟ್ಟಾ) ಜಾಗಕ್ಕೆ ಅಂಟಿಕೊಂಡ ಸವಲತ್ತು ಅಷ್ಟೆ.

ಹೆಣ್ಣುಮಕ್ಕಳಿಂದ ಛಾಪಾ ಕಾಗದದಲ್ಲಿ ‘ನಮಗೆ ಪಾಲು ಬೇಡ’ ಎಂದು ಬರೆಸಿ, ನೋಟರಿ ಮೊಹರು ಹಾಕಿಸಿ ತರುವ ಪದ್ಧತಿಗೆ ಕಚೇರಿಗಳು ಮನ್ನಣೆ ಕೊಡಬಾರದು. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ನೋಂದಣಿಯಾಗಲೇಬೇಕು. ಹಿಂದೂ ಮನೆಯ ಅಪ್ರಾಪ್ತ ಮಗುವಿನ ಪಾಲನ್ನು ತಾಯಿಯೇ ಬಿಟ್ಟುಕೊಡುವುದಾದರೂ ನ್ಯಾಯಾಲಯದ ಅನುಮತಿ ಬೇಕು. ಅನುಮತಿಯಿಲ್ಲದೆ ಮಾಡಿದ ಪತ್ರವನ್ನು ಮಗು ದೊಡ್ಡದಾದ ಮೇಲೆ ರದ್ದುಪಡಿಸಬಹುದು. ದುಬೈ, ಕುವೈತ್‌ನಲ್ಲಿರುವವರು ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿದ ಅಧಿಕಾರ ಪತ್ರಕ್ಕೆ, ಅದು ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಬಹಳ ಮಂದಿ ತಪ್ಪುವುದು ಇಲ್ಲಿಯೇ.

ಬ್ಯಾಂಕ್ ಠೇವಣಿಗೆ ಬೇಕಾಗುವ ಉತ್ತರಾಧಿಕಾರ ಪ್ರಮಾಣಪತ್ರವನ್ನು ಜಾಗದ ಖಾತೆಗೂ ಕೇಳುವುದುಂಟು. ಅದು ಬರತಕ್ಕ ಸಾಲ, ಠೇವಣಿ, ಷೇರುಗಳಿಗೆ ಮಾತ್ರ. ಜಾಗಕ್ಕೆ ಅದರ ಅಗತ್ಯವಿಲ್ಲ.

ನಮ್ಮ ಕೋರಿಕೆಗಳು ನಿಮ್ಮ ಅಧಿಕಾರದ ಮಿತಿಯಲ್ಲೇ ಇವೆ. ವಂಶವೃಕ್ಷದ ಮಹಜರಿನಲ್ಲಿ ಮೃತರಿಗೆ ಅನ್ವಯಿಸುವ ಕಾನೂನು ಯಾವುದು, ಅಳಿಯಸಂತಾನವೇ, ಜಾಗ ಸ್ವಯಾರ್ಜಿತವೋ ಕುಟುಂಬದ್ದೋ, ಡಿಕ್ಲರೇಶನ್ ಜಾಗವಾದರೆ (ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದದ್ದಾದರೆ) ಭೂನ್ಯಾಯ ಮಂಡಳಿಯ ಆದೇಶ ಯಾರ ಪರವಾಗಿ ಆಗಿದೆ ಎಂದು ಬರೆಯುವಂತೆ ಸುತ್ತೋಲೆ ಹೊರಡಿಸಿ. ತಾಯಿ ಬದುಕಿದ್ದಾರೆಯೇ ಎಂಬುದನ್ನು ತಪ್ಪದೆ ಕೇಳಿಸಿ. ಗ್ರಾಮ ಆಡಳಿತಾಧಿಕಾರಿಗಳಿಗೆ 17ನೇ ಕಲಮಿನ ಬಗ್ಗೆ ಅರ್ಧ ದಿನದ ತರಬೇತಿ ಸಾಕು, ಪಾಠ ಮಾಡಲು ನಾವು ಸಂಭಾವನೆಯಿಲ್ಲದೆ ಬರುತ್ತೇವೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಜೊತೆ ಮಾತಾಡಿ, ಪ್ರತಿ ತಾಲೂಕು ಕಚೇರಿಯಲ್ಲೂ ವಾರಕ್ಕೊಂದು ದಿನ ಪ್ಯಾನಲ್ ವಕೀಲರು ಕೂರುವಂತೆ ಮಾಡಿ. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ 15100 ಅನ್ನು ನಾಡಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಕುಟುಂಬದೊಳಗೆ ಒಪ್ಪಂದವಾಗುವಂಥ ಪ್ರಕರಣಗಳು ದಾವೆ ಹೂಡುವ ಮುನ್ನವೇ ಲೋಕ ಅದಾಲತ್‌ಗೆ ಹೋಗಬಹುದು. ಅಲ್ಲಿಯ ರಾಜಿ ಆದೇಶ ಸಿವಿಲ್ ಡಿಕ್ರಿಗೆ ಸಮ.

ತಪ್ಪು ಖಾತೆಗಳ ಮೇಲ್ಮನವಿ ಮಂಗಳೂರು, ಪುತ್ತೂರು ಸಹಾಯಕ ಆಯುಕ್ತರ ಮುಂದೆ ಬರುತ್ತದೆ, ಅಲ್ಲಿಂದ ಭೂಕಂದಾಯ ಕಾಯ್ದೆಯ 136(3)ರಡಿ ನಿಮ್ಮ ಮುಂದೆಯೇ. ಅಂಥ ಕಡತಗಳಲ್ಲಿ ವಂಶವೃಕ್ಷದಿಂದಲೇ ಹುಟ್ಟಿದ ತಕರಾರು ಎಷ್ಟಿವೆ ಎಂದು ಒಮ್ಮೆ ತೆಗೆಸಿ ನೋಡಿ, ಆಮೇಲೆ ನಮ್ಮನ್ನು ಚರ್ಚೆಗೆ ಕರೆಯಿರಿ.

ಇಂತಿ ತಮ್ಮ ವಿಶ್ವಾಸಿಗಳು,
ಉತ್ತರಾಧಿಕಾರದ ಪ್ರಕರಣಗಳನ್ನು ನಡೆಸುವ ಕೆಲವು ವಕೀಲರು
ಮಂಗಳೂರು